ಎರಡು ಮುಳ್ಳಿಗೆ ಒಂದೇ ಸುಳ್ಳು: ದೊಡ್ಡಪ್ಪನ ಸ್ಪಿಟ್‌ಫೈರ್ ಡ್ಯಾಶ್‌ಬೋರ್ಡ್ ರಿಪೇರಿ

ಪುಣೆ ಹತ್ತಿರದ ಖೇಡ ಶಿವಾಪುರದ ಟೋಲ್ ನಾಕಾಕ್ಕೆ ಇನ್ನು ಎರಡು ಕಿಲೋಮೀಟರ್ ಇರುವಾಗ ಕಾರು ನಿಂತಿತು. ಪೆಟ್ರೋಲ್ ಮುಳ್ಳು ಕಾಲು ಟ್ಯಾಂಕ್ ಇದೆ ಅಂತ ತೋರಿಸುತ್ತಿತ್ತು. ಡಿಕ್ಕಿ ತೆಗೆದು, ಟ್ಯಾಂಕಿನ ಮೇಲೆ ತಟ್ಟಿ ನೋಡಿದೆ. ಖಾಲಿ ಕೊಡದ ಸದ್ದು. ದೊಡ್ಡಪ್ಪ ಹೆದ್ದಾರಿ ಪಕ್ಕದ ಮರದ ಕೆಳಗೆ ಕುಳಿತರು. ನಾನು ಒಬ್ಬ ಬೈಕ್ ಸವಾರನ ಹಿಂದೆ ಕುಳಿತು ಪಂಪಿಗೆ ಹೋಗಿ ಎರಡು ಬಾಟಲಿ ಪೆಟ್ರೋಲ್ ತಂದೆ. ಅದು ನವೆಂಬರ್ 9, 2025. ಅವತ್ತು ಶುರುವಾದ ಕೆಲಸ ಡಿಸೆಂಬರ್ 14ಕ್ಕೆ ಮುಗಿಯಿತು. ಎಲ್ಲಿ ದಾರಿ ತಪ್ಪಿದೆ, ಎಷ್ಟು ದುಡ್ಡು ಹೋಯಿತು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಕಾರು 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3. 1296 ಸಿಸಿ ಎಂಜಿನ್, ಎರಡೇ ಸೀಟು. ದೊಡ್ಡಪ್ಪ 1981ರಲ್ಲಿ ಮುಂಬೈಯಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈಗ ಅವರ ಕೋಥ್ರುಡ್ ಮನೆಯ ಕೆಳಗೆ, ಸೊಸೈಟಿಯ ಪಾರ್ಕಿಂಗ್‌ನಲ್ಲಿ ಇದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಇದಕ್ಕೂ ಚಾಸಿಯ ಸಂಬಂಧ ಹತ್ತಿರದ್ದು. ಹಾಗಾಗಿ ಪುಣೆಯ ಹಳೇ ಮಿಸ್ತ್ರಿಗಳಿಗೆ ಇದರ ಅಡಿಭಾಗ ಹೊಸದಲ್ಲ. ಮೀಟರುಗಳ ಮಾತು ಬಂದರೆ ಮಾತ್ರ ಯಾರೂ ಮುಂದೆ ಬರುವುದಿಲ್ಲ.

ದೊಡ್ಡಪ್ಪನ ಆಸೆ ಒಂದೇ. ಈ ಕಾರಿನಲ್ಲಿ ಇನ್ನೊಮ್ಮೆ ಧಾರವಾಡಕ್ಕೆ ಹೋಗಬೇಕು. ನಾನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ನಡುವೆ ಖಂಬಾಟ್ಕಿ ಘಾಟ್. ಮೀಟರ್ ನಂಬಲಾಗದ ಕಾರಿನಲ್ಲಿ ಎಪ್ಪತ್ತೆಂಟು ವರ್ಷದವರನ್ನು ಅಷ್ಟು ದೂರ ಕರೆದುಕೊಂಡು ಹೋಗಲು ನನಗೆ ಧೈರ್ಯ ಇರಲಿಲ್ಲ.

ಅಕ್ಟೋಬರ್: ಮೊದಲೇ ಮಾಡಿದ್ದ ತಪ್ಪು

ಪೆಟ್ರೋಲ್ ಮುಳ್ಳಿಗಿಂತ ಮೊದಲು ಕಾಟ ಕೊಟ್ಟದ್ದು ಟೆಂಪರೇಚರ್ ಮುಳ್ಳು. ಕಾತ್ರಜ್ ಏರು ಹತ್ತುವಾಗ ಅದು ಎಚ್ (ಹಾಟ್) ಹತ್ತಿರ ಹೋಗಿ ನಿಲ್ಲುತ್ತಿತ್ತು. ಎಂಜಿನ್ ಕಾಯುತ್ತಿದೆ ಅಂತ ನಾನು ನಂಬಿಬಿಟ್ಟೆ. ಕಾವು ನೋಡಿ ಎಂಜಿನ್ನಿನ ನೀರು ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್ ಬದಲಿಸಿದೆ, 900 ರೂಪಾಯಿ. ಗ್ಯಾಸ್ಕೆಟ್ ಮತ್ತು ಕೂಲಂಟ್, 740. ಮುಳ್ಳು ಅಲ್ಲೇ. ಆಮೇಲೆ ಇಂಗ್ಲೆಂಡಿನಿಂದ ಹೊಸ ಟೆಂಪರೇಚರ್ ಸೆಂಡರ್ (ಎಂಜಿನ್ನಿನ ಕಾವನ್ನು ಮೀಟರಿಗೆ ತಿಳಿಸುವ ಭಾಗ) ತರಿಸಿದೆ. ಕೊರಿಯರ್, ಡ್ಯೂಟಿ ಸೇರಿ 3,850. ಅದನ್ನು ಹಾಕಿದ ಮೇಲೂ ಮುಳ್ಳು ಅಲ್ಲೇ.

ಒಟ್ಟು 5,490 ರೂಪಾಯಿ. ಇಷ್ಟು ಖರ್ಚು ಮಾಡುವವರೆಗೂ ನಾನು ಎಂಜಿನ್ನಿನ ನಿಜವಾದ ಕಾವನ್ನು ಒಮ್ಮೆಯೂ ಅಳೆದಿರಲಿಲ್ಲ. ಈ ಇಡೀ ಕೆಲಸದಲ್ಲಿ ನನ್ನ ದೊಡ್ಡ ತಪ್ಪು ಇದೇ.

ನವೆಂಬರ್ 16: ಅಳೆಯಲು ಶುರು

ಗೆಳೆಯನ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು, ತಂದೆ. ಈ ಕಾರಿನಲ್ಲಿ ಒಂದು ಸುಖ ಇದೆ. ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಬಗ್ಗಿ ಎಂಜಿನ್ ಪೂರ್ತಿ ಕಣ್ಣಿಗೆ ಬೀಳುತ್ತದೆ. ಟೈರಿನ ಮೇಲೆ ಕುಳಿತುಕೊಂಡೇ ಕೆಲಸ ಮಾಡಬಹುದು. ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಹಿಡಿದೆ. 84 ಡಿಗ್ರಿ. ನಾನು ಹಾಕಿದ್ದ ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆಯುವಂಥದ್ದು. ಅಂದರೆ ಎಂಜಿನ್ ಆರೋಗ್ಯವಾಗಿಯೇ ಇದೆ. ಮೀಟರ್ ಮಾತ್ರ ಎಚ್ ತೋರಿಸುತ್ತಿದೆ.

ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕುಳಿತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:

“ಅಲ್ಲೋ, ಕಾವಿನ ಮುಳ್ಳು ಜಾಸ್ತಿ ತೋರಸ್ತದ, ಪೆಟ್ರೋಲ್ ಮುಳ್ಳೂ ಜಾಸ್ತಿ ತೋರಸ್ತದ. ಎರಡೂ ಕೂಡೇ ಹೆಂಗ ಕೆಡ್ತಾವ? ಎರಡಕ್ಕೂ ನೀರು ಬರೋ ನಳ ಒಂದೇ ಇರಬೇಕು ನೋಡು.”

ಅವರು ನೀರಾವರಿ ಇಲಾಖೆಯಲ್ಲಿ ಇದ್ದವರು. ಮಾತು ನಳದ್ದಾದರೂ ಗುರಿ ಸರಿಯಾಗಿತ್ತು. ಆ ನಳಕ್ಕೆ ವೋಲ್ಟೇಜ್ ಸ್ಟೆಬಿಲೈಜರ್ ಅಂತ ಹೆಸರು. ಬೆಂಕಿಪೊಟ್ಟಣಕ್ಕಿಂತ ಸಣ್ಣ ತಗಡಿನ ಡಬ್ಬಿ. ಒಳಗೆ ಒಂದು ಬೈಮೆಟಲ್ (ಎರಡು ಲೋಹದ) ಪಟ್ಟಿ, ಅದಕ್ಕೆ ಸುತ್ತಿದ ತಂತಿ. ತಂತಿ ಕಾದಾಗ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಹೀಗೆ ಆನ್, ಆಫ್ ಆಗುತ್ತಾ ಸರಾಸರಿ 10 ವೋಲ್ಟ್ ಕೊಡುತ್ತದೆ. ಪೆಟ್ರೋಲ್ ಮೀಟರ್, ಟೆಂಪರೇಚರ್ ಮೀಟರ್ ಎರಡೂ ಅದರಿಂದಲೇ ನಡೆಯುತ್ತವೆ. ಡಬ್ಬಿಯ ಮೈಗೆ ಅರ್ತ್, ಅಂದರೆ ಕಾರಿನ ತಗಡಿನ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಸಂಪರ್ಕ, ಸಿಗದಿದ್ದರೆ ಒಳಗಿನ ತಂತಿ ಕಾಯುವುದೇ ಇಲ್ಲ. ಆಗ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರುಗಳಿಗೆ ಹೋಗುತ್ತದೆ, ಎರಡೂ ಮುಳ್ಳು ಮೇಲೇಳುತ್ತವೆ.

ಅವತ್ತೇ ಇನ್ನೊಂದು ತಪ್ಪು ಮಾಡಿದೆ. ಪೆಟ್ರೋಲ್ ಮೀಟರ್ ಪೂರ್ತಿ ಏರುತ್ತದೆಯೇ ಅಂತ ನೋಡಲು ಡಿಕ್ಕಿಯಲ್ಲಿ ಪೆಟ್ರೋಲ್ ಸೆಂಡರಿನ (ಟ್ಯಾಂಕಿನ ಮಟ್ಟ ತಿಳಿಸುವ ಭಾಗ) ಹಸಿರು-ಕಪ್ಪು ವಾಯರ್ ಬಿಚ್ಚಿ ನೇರವಾಗಿ ಕಾರಿನ ಮೈಗೆ ಅರ್ತ್ ಮಾಡಿದೆ. ಕ್ಲಿಪ್ ಹಾಕಿ, ನಿಧಾನವಾಗಿ ಮುಂದೆ ಬಂದು ನೋಡುವಷ್ಟರಲ್ಲಿ ಮುಳ್ಳು ಎಫ್ ದಾಟಿ ಕಡೆಗೆ ಒತ್ತಿಕೊಂಡಿತ್ತು. ಓಡಿಹೋಗಿ ಕ್ಲಿಪ್ ತೆಗೆದೆ. ಮೀಟರ್ ಸುಡಲಿಲ್ಲ, ಆದರೆ ಆಮೇಲೆ ಮುಳ್ಳು ಕೆಳಗೆ ಬಂದು ನಿಲ್ಲುವ ಜಾಗ ಒಂದು ಕೂದಲೆಳೆಯಷ್ಟು ಮೇಲಾಯಿತು. ಹೀಗೆ ನೇರ ಅರ್ತ್ ಮಾಡಬೇಡಿ. ನಡುವೆ 22 ಓಮ್ ರೆಸಿಸ್ಟರ್ ಇರಲಿ. ಎರಡು ರೂಪಾಯಿಯ ಸಾಮಾನು ಅದು.

ನವೆಂಬರ್ 22: ಪ್ಯಾನೆಲ್ ಹೊರಗೆ

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಮಾರ್ಕ್ 3ರಲ್ಲಿ ಮೀಟರುಗಳೆಲ್ಲ ಡ್ಯಾಶಿನ ನಟ್ಟನಡುವೆ ಮರದ ಪ್ಯಾನೆಲ್ಲಿನಲ್ಲಿ ಇವೆ. ಸ್ಕ್ರೂ ತೆಗೆದರೆ ಪ್ಯಾನೆಲ್ ಮುಂದಕ್ಕೆ ಬಾಗುತ್ತದೆ. ಆದರೆ ಪೂರ್ತಿ ಬರುವುದಿಲ್ಲ. ಸ್ಪೀಡೊ (ವೇಗದ ಮೀಟರ್) ಮತ್ತು ಟ್ಯಾಕೊ (ಎಂಜಿನ್ ಸುತ್ತು ಎಣಿಸುವ ಮೀಟರ್) ಕೇಬಲ್‌ಗಳ ನಟ್ಟನ್ನು ಹಿಂದಿನಿಂದ ಕೈ ಹಾಕಿ ಬಿಚ್ಚಬೇಕು. ಈ ಕಾರಿನಲ್ಲಿ ಟ್ಯಾಕೊ ಕೂಡ ಕೇಬಲ್ಲಿನದೇ, ಡಿಸ್ಟ್ರಿಬ್ಯೂಟರ್‌ನಿಂದ ಬರುತ್ತದೆ. ನನ್ನ ಕೈ ದೊಡ್ಡದು, ಜಾಗ ಚಿಕ್ಕದು. ಮುಕ್ಕಾಲು ಗಂಟೆ ಹಿಡಿಯಿತು.

ಬಿಚ್ಚುವ ಮೊದಲು ಹತ್ತು ಫೋಟೊ ತೆಗೆದೆ. ಪ್ರತಿ ವಾಯರಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ ನಂಬರ್ ಬರೆದೆ. ಬ್ರಿಟಿಷ್ ಕಂಪನಿ ಲ್ಯೂಕಾಸ್‌ನ ವಾಯರ್ ಬಣ್ಣಗಳು ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಹಸಿರು ಅಂದರೆ ಇಗ್ನಿಷನ್ ಆನ್ ಆದಾಗ ಫ್ಯೂಜ್ ದಾಟಿ ಬರುವ ಕರೆಂಟ್. ತಿಳಿ ಹಸಿರು ಸ್ಟೆಬಿಲೈಜರ್‌ನಿಂದ ಮೀಟರಿಗೆ ಹೋಗುತ್ತದೆ. ಹಸಿರು-ಕಪ್ಪು ಪೆಟ್ರೋಲ್ ಸೆಂಡರಿಗೆ, ಹಸಿರು-ನೀಲಿ ಟೆಂಪರೇಚರ್ ಸೆಂಡರಿಗೆ. ಕೆಂಪು-ಬಿಳಿ ಪ್ಯಾನೆಲ್ ಬಲ್ಬಿಗೆ. ಬರೀ ಕಪ್ಪು ಅರ್ತ್. ನಮ್ಮ ಕಾರಿನಲ್ಲಿ ಐವತ್ತೇಳು ವರ್ಷಕ್ಕೆ ಹಸಿರು ಯಾವುದು, ತಿಳಿ ಹಸಿರು ಯಾವುದು ಅಂತ ಗುರುತೇ ಸಿಗುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಬಣ್ಣ ಬಂತು.

ಸ್ಟೆಬಿಲೈಜರ್ ಒಂದೇ ಸ್ಕ್ರೂವಿನಲ್ಲಿ ತಗಡಿಗೆ ಕೂತಿತ್ತು. ಬ್ಯಾಟರಿಯನ್ನು ಮತ್ತೆ ಕೂಡಿಸಿ, ಇಗ್ನಿಷನ್ ಆನ್ ಮಾಡಿ, ಮೀಟರುಗಳಿಗೆ ಕರೆಂಟ್ ಹೋಗುವ ‘ಐ’ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಹಿಡಿದೆ. 12.3 ವೋಲ್ಟ್. ಐದು ನಿಮಿಷ ಕಾದೆ. ಅದೇ 12.3, ಅಲ್ಲಾಡಲಿಲ್ಲ. ಒಂದು ವಾಯರಿನಿಂದ ಡಬ್ಬಿಯ ಮೈಯನ್ನು ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿದೆ. ಅರ್ಧ ನಿಮಿಷದಲ್ಲಿ ‘ಟಿಕ್’ ಅಂತು.

ಸ್ಕ್ರೂ ಬಿಚ್ಚಿ ನೋಡಿದರೆ ಡಬ್ಬಿಯ ಕೆಳಗೆ ಹೊಳೆಯುವ ಹೊಸ ಕಪ್ಪು ಬಣ್ಣ. ಹೋದ ವರ್ಷ ಕಾರನ್ನು ಒಂದು ಗ್ಯಾರೇಜಿಗೆ ಪೇಂಟಿಂಗ್‌ಗೆ ಕೊಟ್ಟಿದ್ದೆವು. ಡ್ಯಾಶಿನ ಹಿಂದಿನ ತಗಡಿಗೂ ಅವರು ದಪ್ಪಗೆ ಬಣ್ಣ ಹೊಡೆದು, ಬಣ್ಣದ ಮೇಲೆಯೇ ಡಬ್ಬಿ ಕೂರಿಸಿದ್ದರು. ಸ್ಕ್ರೂಗೂ ಬಣ್ಣ ಬಿದ್ದಿತ್ತು. ಲೋಹಕ್ಕೆ ಲೋಹ ಮುಟ್ಟುವ ಜಾಗವೇ ಇರಲಿಲ್ಲ. ಅವರ ಕೈಗೆ ಕಾರು ಕೊಟ್ಟು, ವಾಪಸ್ ಬಂದಾಗ ಬಾಡಿಯ ಹೊಳಪು ಮಾತ್ರ ನೋಡಿದವನು ನಾನು. ಅವತ್ತೇ ಮೀಟರ್ ನೋಡಬೇಕಿತ್ತು.

ಪಾಲಿಶ್ ಪೇಪರ್ ಹಾಕಿ ಎರಡು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ತಗಡಿನ ಹೊಳಪು ತಂದೆ. ಹೊಸ ಸ್ಕ್ರೂ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಮತ್ತೆ ಮಲ್ಟಿಮೀಟರ್. ಈಗ ಅಂಕಿಗಳು ಕುಣಿಯತೊಡಗಿದವು. 12, ಸೊನ್ನೆ, 12. ಕೆಟ್ಟೇ ಹೋಯಿತು ಅಂತ ಒಂದು ಕ್ಷಣ ಗಾಬರಿಯಾದೆ. ಆದರೆ ಅದು ಸರಿಯಾಗಿ ಕೆಲಸ ಮಾಡುವಾಗ ಹಾಗೇ ಕಾಣಬೇಕು. ಡಿಜಿಟಲ್ ಮೀಟರಿನಲ್ಲಿ ಸ್ಥಿರವಾದ 10 ಎಂದೂ ಕಾಣುವುದಿಲ್ಲ.

ಒಂದು ತಾಪತ್ರಯ ಉಳಿಯಿತು. ಟೆಸ್ಟ್ ಲ್ಯಾಂಪ್ ಹಾಕಿ ಮೊಬೈಲಿನಲ್ಲಿ ಹೊತ್ತು ಅಳೆದೆ. ಒಮ್ಮೆ ಎರಡು ಸೆಕೆಂಡ್ ಉರಿಯುತ್ತದೆ, ಇನ್ನೊಮ್ಮೆ ಏಳು ಸೆಕೆಂಡ್. ತಾಳವೇ ಇಲ್ಲ. ಡಬ್ಬಿಯ ಅಂಚು ಬಿಚ್ಚಿ ನೋಡಿದೆ. ಕಾಂಟ್ಯಾಕ್ಟ್ ಪಾಯಿಂಟ್ ಕರ್ರಗಾಗಿ ಗುಳಿ ಬಿದ್ದಿತ್ತು.

ನವೆಂಬರ್ 23: ಬುಧವಾರ ಪೇಠೆಯ ಐಸಿ

ಹಳೇ ಡಬ್ಬಿಯನ್ನೇ ಇಟ್ಟುಕೊಂಡು ಒಳಗೆ 7810 ಐಸಿ ಹಾಕುವುದು ಅಂತ ತೀರ್ಮಾನಿಸಿದೆ. ಸ್ಥಿರವಾಗಿ 10 ವೋಲ್ಟ್ ಕೊಡುವ ಮೂರು ಕಾಲಿನ ರೆಗ್ಯುಲೇಟರ್ ಅದು. ಹಿಂದಿನ ದಿನ ಸಂಜೆಯೇ ಬುಧವಾರ ಪೇಠೆಗೆ ಹೋಗಿ, ಪಾಸೋಡ್ಯಾ ವಿಠೋಬಾ ದೇವಸ್ಥಾನದ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಾಮಾನು ತಂದಿದ್ದೆ. ಐಸಿ ತಲಾ 25 ರೂಪಾಯಿ, ಮೂರು ತಂದೆ. 0.33 ಮತ್ತು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, 22, 68, 220 ಓಮ್ ರೆಸಿಸ್ಟರ್, ಹೀಟ್ ಶ್ರಿಂಕ್ ತೋಳು ಎಲ್ಲ ಸೇರಿ 90 ರೂಪಾಯಿ.

ಮೊದಲ ಐಸಿ ಹಾಳು ಮಾಡಿದೆ. ಅಕ್ಷರ ಇರುವ ಮುಖ ನಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದ್ದು ಇನ್‌ಪುಟ್, ನಡುವಿನದು ಅರ್ತ್, ಬಲದ್ದು ಔಟ್‌ಪುಟ್. ನಾನು ಡಬ್ಬಿಯೊಳಗೆ ಮಗುಚಿ ಇಟ್ಟು ಹಿಂದಿನಿಂದ ನೋಡಿಕೊಂಡು ಬೆಸುಗೆ ಹಾಕಿದೆ. ಎಡ ಬಲ ಅದಲುಬದಲಾಯಿತು. ಔಟ್‌ಪುಟ್ 11 ದಾಟಿದಾಗ ತಪ್ಪು ಗೊತ್ತಾಯಿತು. ಅದನ್ನು ತೆಗೆದು ಎಸೆದೆ. ಎರಡನೆಯದಕ್ಕೆ ಮೊದಲೇ ಕಾಲುಗಳಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿಕೊಂಡೆ.

ಐಸಿಯ ಬೆನ್ನಿನ ತಗಡೂ ಅರ್ತೇ. ಅದನ್ನು ಡಬ್ಬಿಯ ಕೆಳಗಿನ ಲೋಹಕ್ಕೆ ಸ್ಕ್ರೂನಿಂದ ಬಿಗಿದರೆ ಅರ್ತೂ ಆಯಿತು, ಕಾವು ಹೊರಹೋಗಲು ದಾರಿಯೂ ಆಯಿತು. ಇನ್‌ಪುಟ್ ಕಡೆ 0.33, ಔಟ್‌ಪುಟ್ ಕಡೆ 0.1 ಕೆಪ್ಯಾಸಿಟರ್ ಅರ್ತಿಗೆ. ಎಂಜಿನ್ ಓಡುವಾಗ ಅಳೆದರೆ ಇನ್‌ಪುಟ್ 13.9, ಔಟ್‌ಪುಟ್ 9.97. ಎಂಜಿನ್ ನಿಲ್ಲಿಸಿ ಬರೀ ಇಗ್ನಿಷನ್ ಆನ್ ಇದ್ದಾಗ 9.9. ಬ್ಯಾಟರಿ 12ಕ್ಕಿಂತ ಇಳಿದರೆ ಈ ಐಸಿ 10 ಕೊಡಲಾರದು, ಆಗ ಮುಳ್ಳು ಸ್ವಲ್ಪ ಕೆಳಗೆ ತೋರಿಸುತ್ತದೆ.

ಒಂದು ಎಚ್ಚರ. ನಮ್ಮ ಮಾರ್ಕ್ 3 ನೆಗೆಟಿವ್ ಅರ್ತ್ ಕಾರು. ಅದಕ್ಕಿಂತ ಹಳೇ ಸ್ಪಿಟ್‌ಫೈರ್‌ಗಳು ಪಾಸಿಟಿವ್ ಅರ್ತ್. ಅವಕ್ಕೆ 7810 ನಡೆಯುವುದಿಲ್ಲ, 7910 ಬೇಕು, ಅದರ ಕಾಲುಗಳ ಕ್ರಮವೂ ಬೇರೆ.

ಟೆಂಪರೇಚರ್ ಮುಳ್ಳು ಈಗ ನಡುವಿಗಿಂತ ಒಂದು ಗೆರೆ ಕೆಳಗೆ ನಿಂತಿತು. ಹೌಸಿಂಗ್ ಮೇಲೆ 83 ಡಿಗ್ರಿ. ದೊಡ್ಡಪ್ಪ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು. ಎಷ್ಟೋ ತಿಂಗಳಿಂದ ಆ ಮುಳ್ಳಿನ ಭಯಕ್ಕೇ ಅವರು ಕಾರು ಹೊರತೆಗೆಯುವುದನ್ನು ಕಡಿಮೆ ಮಾಡಿದ್ದರು.

ನವೆಂಬರ್ 30: ಪೆಟ್ರೋಲ್ ಮುಳ್ಳಿನ ಎರಡನೇ ರೋಗ

ಆದರೆ ಪೆಟ್ರೋಲ್ ಮುಳ್ಳು ಈಗ ತಿರುಗಿಬಿತ್ತು. ಟ್ಯಾಂಕ್ ತುಂಬಿಸಿ ನೋಡಿದರೆ ಅರ್ಧ ಮಾತ್ರ ತೋರಿಸಿತು. ಮೊದಲು ಜಾಸ್ತಿ ಹೇಳುತ್ತಿದ್ದದ್ದು ಈಗ ಕಡಿಮೆ ಹೇಳುತ್ತಿದೆ.

ತಪ್ಪು ಮೀಟರಿನದ್ದೋ ಸೆಂಡರಿನದ್ದೋ ಅಂತ ಬೇರೆ ಮಾಡಲು ರೆಸಿಸ್ಟರ್ ಇತ್ತು. ಸೆಂಡರ್ ವಾಯರ್ ಬಿಚ್ಚಿ ಅದರ ಜಾಗದಲ್ಲಿ ರೆಸಿಸ್ಟರ್ ಹಾಕಿ ಅರ್ತ್ ಮಾಡಿದೆ. 22 ಓಮ್‌ಗೆ ಮುಳ್ಳು ಎಫ್ ಹತ್ತಿರ ಹೋಯಿತು. 68ಕ್ಕೆ ಅರ್ಧ. 220ಕ್ಕೆ ಇ ಮೇಲೆ ಸ್ವಲ್ಪ. ಪ್ರತಿ ಸಲ ಒಂದು ನಿಮಿಷ ಕಾಯಬೇಕು. ಈ ಮುಳ್ಳುಗಳು ಕಾವಿನಿಂದ ನಡೆಯುವಂಥವು, ಅವಸರ ಮಾಡಿದರೆ ತಪ್ಪು ಲೆಕ್ಕ ಸಿಗುತ್ತದೆ. ಮೀಟರ್ ಸರಿಯಿದೆ, ಸೆಂಡರ್ ಕೆಟ್ಟಿದೆ ಅಂತ ಆಯಿತು. ನಾನು ಅವತ್ತು ಕೂದಲೆಳೆಯಷ್ಟು ಕೆಡಿಸಿದ್ದನ್ನೂ ಆಗಲೇ ಸರಿಮಾಡಿದೆ. ಮೀಟರಿನ ಬೆನ್ನಿಗೆ ಎರಡು ಸಣ್ಣ ತೂತುಗಳಿವೆ, ಮುಚ್ಚಳ ತೆಗೆದರೆ ಒಳಗೆ ಹಲ್ಲಿನ ಪಟ್ಟಿ ಕಾಣುತ್ತದೆ. ವಾಚ್ ರಿಪೇರಿಯ ಸ್ಕ್ರೂಡ್ರೈವರಿನಿಂದ ಇ ಕಡೆಯದನ್ನು ಮಾತ್ರ ಅರ್ಧ ಹಲ್ಲು ಸರಿಸಿದೆ.

ಸೆಂಡರ್ ತೆಗೆಯುವ ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆ. ಬ್ಯಾಟರಿ ಬಿಚ್ಚಿ ದೂರ ಇಟ್ಟೆ. ಕಾರನ್ನು ಪಾರ್ಕಿಂಗ್‌ನಿಂದ ಹೊರಗೆ ಬಯಲಿಗೆ ತಳ್ಳಿದೆವು. ಸೆಂಡರಿನ ಲಾಕ್ ರಿಂಗನ್ನು ಮರದ ತುಂಡಿನಿಂದ ತಟ್ಟಿ ತಿರುಗಿಸಿದೆ. ಉಕ್ಕಿನ ಉಳಿ ಬೇಡವೇ ಬೇಡ, ಒಂದು ಕಿಡಿ ಸಾಕು.

ಸೆಂಡರಿನ ತೋಳಿನ ತುದಿಯಲ್ಲಿ, ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಕೈಗೆ ತೆಗೆದುಕೊಂಡು ಕಿವಿ ಹತ್ತಿರ ಅಲ್ಲಾಡಿಸಿದೆ. ಎಳನೀರಿನ ಹಾಗೆ ಒಳಗೆ ಕುಲುಕಿತು. ಹಿತ್ತಾಳೆಯ ಫ್ಲೋಟಿನೊಳಗೆ ಪೆಟ್ರೋಲ್ ಸೇರಿಕೊಂಡು, ತೇಲಬೇಕಾದದ್ದು ಅರ್ಧ ಮುಳುಗಿ ಕುಳಿತಿತ್ತು. ಆಗ ಎಲ್ಲ ಬಿಡಿಸಿಕೊಂಡಿತು. ತೂತು ಬಿದ್ದ ಫ್ಲೋಟ್ ಮುಳ್ಳನ್ನು ಕೆಳಗೆ ಎಳೆಯುತ್ತಿತ್ತು, ಅರ್ತ್ ಇಲ್ಲದ ಸ್ಟೆಬಿಲೈಜರ್ ಮೇಲಕ್ಕೆ ಎತ್ತುತ್ತಿತ್ತು. ಟ್ಯಾಂಕ್ ತುಂಬಿದಾಗ ಎರಡು ತಪ್ಪೂ ಒಂದಕ್ಕೊಂದು ಸರಿಹೋಗಿ ಮುಳ್ಳು ಎಫ್ ಹತ್ತಿರವೇ ನಿಲ್ಲುತ್ತಿತ್ತು. ಖಾಲಿಯಾದಾಗ ಫ್ಲೋಟ್ ಹೇಗೂ ತಳದಲ್ಲೇ. ಆಗ ಉಳಿಯುವುದು ಸ್ಟೆಬಿಲೈಜರಿನ ತಪ್ಪೊಂದೇ. ಅದಕ್ಕೇ ಕಾಲು ಟ್ಯಾಂಕ್ ಕಂಡದ್ದು. ತುಂಬಿಸಿದಾಗಲೆಲ್ಲ ಸರಿ ತೋರಿಸುತ್ತಿದ್ದ ಮೀಟರನ್ನು ಯಾರು ತಾನೆ ಅನುಮಾನಿಸುತ್ತಾರೆ?

ಬಿಸಿನೀರಿನಲ್ಲಿ ಮುಳುಗಿಸಿದಾಗ ಜೋಡಣೆಯ ಗೆರೆಯಿಂದ ಗುಳ್ಳೆ ಬಂತು. ಅಲ್ಲೇ ಬಿರುಕು. ಆ ಬಿರುಕಿನ ಹತ್ತಿರ ಸೂಜಿಯಷ್ಟು ತೂತು ಮಾಡಿ ಪೆಟ್ರೋಲ್ ಸುರಿದೆ. ಆಮೇಲೆ ಮೂರು ದಿನ ಬಿಸಿಲಿನಲ್ಲಿ ಇಟ್ಟೆ. ಮತ್ತೆ ಬಿಸಿನೀರಿನಲ್ಲಿ ಅದ್ದಿ, ಒರೆಸಿ, ವಾಸನೆ ಪೂರ್ತಿ ಹೋಗಿದೆ ಅಂತ ಖಾತ್ರಿ ಮಾಡಿಕೊಂಡೆ. ಒಳಗೆ ಪೆಟ್ರೋಲ್ ಆವಿ ಇರುವ ಫ್ಲೋಟಿಗೆ ಬೆಸುಗೆ ಹಾಕಿದರೆ ಅದು ಸಿಡಿಯುತ್ತದೆ. ಎಲೆಕ್ಟ್ರಿಕ್ ಐರನ್ನಿನಿಂದ, ಆದಷ್ಟು ಕಡಿಮೆ ಸೀಸ ಹಾಕಿ ಬೆಸೆದೆ. ಭಾರ ಜಾಸ್ತಿಯಾದರೆ ಫ್ಲೋಟ್ ಮತ್ತೆ ಕೆಳಗೆ ಕೂರುತ್ತದೆ. ಕೈಯಿಂದ ತೋಳನ್ನು ಎತ್ತಿ ಇಳಿಸಿ ಅಳೆದಾಗ ಕೆಳಗೆ 245 ಓಮ್, ಮೇಲೆ 21. ನಡುವೆ ಎಲ್ಲೂ ಕಡಿಯಲಿಲ್ಲ.

ಟ್ಯಾಂಕ್ ತೆರೆದಿದ್ದರಿಂದ ಹಳೇ ರಬ್ಬರ್ ಪೈಪನ್ನೂ ಬದಲಿಸಿದೆ, 280 ರೂಪಾಯಿ. ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಆ ಕಾಲದ ರಬ್ಬರ್ ಎಥೆನಾಲ್‌ಗೆ ಮೆತ್ತಗಾಗುತ್ತದೆ. ಹಳೇ ಪೈಪ್ ಒತ್ತಿದರೆ ಬೆರಳಿಗೆ ಕಪ್ಪು ಅಂಟುತ್ತಿತ್ತು.

ಡಿಸೆಂಬರ್ 7: ಸ್ಪೀಡೊ

ಪ್ಯಾನೆಲ್ ಹೊರಗಿದ್ದಾಗಲೇ ಇದೂ ಆಗಲಿ ಅಂತ. ಸ್ಪೀಡೊ ಮುಳ್ಳು 30ಕ್ಕೂ 45ಕ್ಕೂ ನಡುವೆ ತೊನೆಯುತ್ತಿತ್ತು. ಮೈಲಿ ಲೆಕ್ಕದ ಮೀಟರ್ ಇದು. ಕೇಬಲ್ ಎಳೆದು ತೆಗೆದು ನೆಲದ ಮೇಲೆ ಉರುಳಿಸಿದೆ. ಒಂದು ಕಡೆ ಸೊಟ್ಟ, ಪೂರ್ತಿ ಒಣಗಿತ್ತು. ನಾನಾ ಪೇಠೆಯಲ್ಲಿ ಒಬ್ಬರು ಹಳೆಯದನ್ನು ಅಳೆದು ಒಳಗಿನ ಕೇಬಲ್ ಮಾಡಿಕೊಟ್ಟರು, 350 ರೂಪಾಯಿ.

ಹಾಕಿದ ಮೇಲೆ ಮುಳ್ಳು ಇನ್ನೂ ಜಾಸ್ತಿ ಕುಣಿಯಿತು. ಮೀಟರ್ ಕಡೆ ಒಳಗಿನ ಕೇಬಲ್ ಹೊರತೋಳಿಗಿಂತ ಸುಮಾರು 10 ಮಿ.ಮೀ. ಮಾತ್ರ ಚಾಚಿರಬೇಕು. ಹೊಸದು 18 ಇತ್ತು, ಮೀಟರನ್ನು ಒಳಗಿನಿಂದ ಒತ್ತುತ್ತಿತ್ತು. ಮತ್ತೆ ಅದೇ ಅಂಗಡಿಗೆ ಹೋಗಿ 8 ಮಿ.ಮೀ. ಕಡಿಸಿ, ತುದಿಯನ್ನು ಚೌಕ ಮಾಡಿಸಿಕೊಂಡು ಬಂದೆ. ಗ್ರೀಸನ್ನು ಕೆಳಗಿನ ಮೂರರಲ್ಲಿ ಎರಡು ಭಾಗಕ್ಕೆ ಮಾತ್ರ ತೆಳುವಾಗಿ ಹಚ್ಚಿದೆ. ಮೇಲಿನ ತುದಿಗೆ ಹಚ್ಚಿದರೆ ಅದು ತಿರುಗುತ್ತಾ ಏರಿ ಮೀಟರಿನೊಳಗೆ ಹೋಗುತ್ತದೆ.

2.2 ವಾಟಿನ ನಾಲ್ಕು ಪ್ಯಾನೆಲ್ ಬಲ್ಬ್ ಹೊಸದು ಹಾಕಿ, ಹೋಲ್ಡರ್ ಉಜ್ಜಿ ಎಲ್ಲ ಮುಚ್ಚಿದೆ. 120 ರೂಪಾಯಿ.

ಡಿಸೆಂಬರ್ 14: ದಾರಿಯಲ್ಲಿ

ಬೆಳಗ್ಗೆ ಆರೂವರೆಗೆ ಹೊರಟೆವು. ಸ್ಪೀಡೊ 40 ಮೈಲಿ ತೋರಿಸಿದಾಗ ಮೊಬೈಲಿನ ಜಿಪಿಎಸ್ 61 ಕಿಲೋಮೀಟರ್ ಅಂತು. 64 ಇರಬೇಕಿತ್ತು, ನನಗೆ ಇಷ್ಟು ಸಾಕು. ಖಂಬಾಟ್ಕಿ ಘಾಟ್ ಏರುವಾಗ ಟೆಂಪರೇಚರ್ ಮುಳ್ಳು ನಡುಗೆರೆ ದಾಟಿ ಸ್ವಲ್ಪ ಮೇಲೆ ಹೋಯಿತು, ಇಳಿಯುವಾಗ ವಾಪಸ್ ಬಂತು. ನಿಜವಾದ ಕಾವು ಏರಿ ಇಳಿಯುವುದನ್ನು ಈ ಕಾರಿನಲ್ಲಿ ನಾನು ಮೊದಲ ಸಲ ಕಂಡೆ.

ಸರಿಯಾದ ದಾರಿಯ ಖರ್ಚು 915 ರೂಪಾಯಿ, ಸುಟ್ಟ ಐಸಿ ಸೇರಿ. ಅಕ್ಟೋಬರ್‌ನ 5,490 ಬೇರೆ. ಹಳೇ ಟೆಂಪರೇಚರ್ ಸೆಂಡರ್ ಸರಿಯಾಗಿಯೇ ಇತ್ತು, ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಟ್ರಿಪ್ ಮೀಟರ್ ಸೊನ್ನೆ ಮಾಡುವ ಗುಂಡಿ ಇನ್ನೂ ತಿರುಗುವುದಿಲ್ಲ, ಅದಕ್ಕೆ ಕೈ ಹಾಕಿಲ್ಲ.

ವಾಪಸ್ ಬರುವಾಗ ಪೆಟ್ರೋಲ್ ಮುಳ್ಳು ಕಾಲಿಗೆ ಬಂದು ನಿಂತಿತು. ಖೇಡ ಶಿವಾಪುರದ ಪಂಪು ಕಂಡ ಕೂಡಲೇ ದೊಡ್ಡಪ್ಪ “ಇಲ್ಲೇ ನಿಲ್ಲಸು, ಲೆಕ್ಕ ಹಾಕೋಣ” ಅಂದರು. ಟ್ಯಾಂಕ್ 37 ಲೀಟರಿನದ್ದು. ಕಾಲು ಉಳಿದಿದ್ದರೆ 28 ಲೀಟರಿನ ಹತ್ತಿರ ಹಿಡಿಯಬೇಕು. ಪಂಪಿನ ಅಂಕಿ 27.2ಕ್ಕೆ ನಿಂತಿತು. ದೊಡ್ಡಪ್ಪ ಚೀಟಿ ಇಸಿದುಕೊಂಡು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಧಾರವಾಡಕ್ಕೆ ಸಂಕ್ರಾಂತಿಗೆ ಹೊರಡುವುದು ಅಂತ ಆಗಿದೆ.